ಮೆಲಮೈನ್ ಪ್ರಕರಣದ ಮೂರನೇ ಕಕ್ಷಿ

2008ರಲ್ಲಿ ಚೀನಾದ ಆಸ್ಪತ್ರೆಗಳಿಗೆ ಎಳೆಗೂಸುಗಳು ಬರತೊಡಗಿದವು, ಆ ವಯಸ್ಸಿಗೆ ಸಲ್ಲದ ಕಾಯಿಲೆ ಹೊತ್ತು. ಮೂತ್ರ ಕಟ್ಟಿಕೊಂಡಿತ್ತು. ಮೂತ್ರ ಹೊಯ್ಯುವಾಗ ಕೆಲವು ಮಕ್ಕಳು ಚೀರುತ್ತಿದ್ದವು, ಕೆಲವರ ಮೂತ್ರದಲ್ಲಿ ರಕ್ತ. ಎಕ್ಸ್-ರೇ ತೆಗೆದರೆ ಏನೂ ಕಾಣುತ್ತಿರಲಿಲ್ಲ. ಅಲ್ಟ್ರಾಸೌಂಡ್ ಹಿಡಿದಾಗ ಮಾತ್ರ ಮೂತ್ರಪಿಂಡದಲ್ಲಿ, ಮೂತ್ರನಾಳದಲ್ಲಿ ಕಲ್ಲುಗಳು ತೋರುತ್ತಿದ್ದವು. ಸಾಮಾನ್ಯವಾಗಿ ದೊಡ್ಡವರಲ್ಲಿ ಕಾಣುವ ಕ್ಯಾಲ್ಸಿಯಂ ಕಲ್ಲುಗಳಲ್ಲ ಇವು. ಮೆತ್ತಗೆ, ಮರಳು ಮರಳಾಗಿ ಇದ್ದವು. ಹೆಚ್ಚಿನ ಮಕ್ಕಳಿಗೆ ಮೂರು ವರ್ಷ ತುಂಬಿರಲಿಲ್ಲ, ಮತ್ತು ಅವರೆಲ್ಲ ಕುಡಿಯುತ್ತಿದ್ದದ್ದು ಡಬ್ಬಿಯ ಹಾಲಿನ ಪುಡಿ.

ಸೆಪ್ಟೆಂಬರ್ 11ರಂದು ವಿಷಯ ಬಯಲಾಯಿತು. ಹೆಬೇ ಪ್ರಾಂತ್ಯದ ಶಿಜಿಯಾಜುವಾಂಗ್ ನಗರದ ಸ್ಯಾನ್ಲು ಕಂಪನಿಯ ಪುಡಿಯಲ್ಲಿ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಇತ್ತು. ಮುಂದೆ ತಪಾಸಣೆ ಮಾಡಿದಾಗ ಒಟ್ಟು 22 ಕಂಪನಿಗಳ ಮಾಲಿನಲ್ಲಿ ಅದು ಸಿಕ್ಕಿತು. ನವೆಂಬರ್ ಕೊನೆಯ ಲೆಕ್ಕದಂತೆ ಸುಮಾರು 2,94,000 ಮಕ್ಕಳಲ್ಲಿ ಮೂತ್ರಾಂಗದ ತೊಂದರೆ ಪತ್ತೆಯಾಗಿತ್ತು, 50,000ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು, ಆರು ಮಕ್ಕಳು ಸತ್ತಿದ್ದರು. 2009ರ ಜನವರಿಯಲ್ಲಿ ಸ್ಯಾನ್ಲು ಕಂಪನಿಯ ಅಧ್ಯಕ್ಷೆಗೆ ಜೀವಾವಧಿ ಶಿಕ್ಷೆಯಾಯಿತು, ಅದೇ ವರ್ಷದ ನವೆಂಬರ್‌ನಲ್ಲಿ ಇಬ್ಬರಿಗೆ ಮರಣದಂಡನೆ ಜಾರಿಯಾಯಿತು.

ನ್ಯಾಯಾಲಯದ ಮಟ್ಟಿಗೆ ಕಡತ ಅಲ್ಲಿಗೆ ಮುಚ್ಚಿತು. ಕಲಬೆರಕೆ ಮಾಡಿದವರು ಒಂದು ಕಕ್ಷಿ, ಕುಡಿದ ಮಕ್ಕಳು ಇನ್ನೊಂದು ಕಕ್ಷಿ. ಆದರೆ ತಪಾಸಣೆಗೆ ಒಳಗಾದ ಮಕ್ಕಳ ಸಂಖ್ಯೆ ಎರಡು ಕೋಟಿಯನ್ನು ಮೀರಿತ್ತು. ಅವರೆಲ್ಲರೂ ಕಲಬೆರಕೆಯ ಪುಡಿಯನ್ನೇ ಕುಡಿದವರಲ್ಲ, ಎಲ್ಲರ ಪಾಲಿಗೂ ಒಂದೇ ಪ್ರಮಾಣ ಬಂದಿರಲೂ ಇಲ್ಲ, ನಿಜ. ಅಷ್ಟನ್ನು ಕಳೆದರೂ ಒಂದು ಪ್ರಶ್ನೆ ಉಳಿಯುತ್ತದೆ: ಕಲಬೆರಕೆಯ ಪುಡಿಯನ್ನೇ ಕುಡಿದವರಲ್ಲೂ ಬಹುಪಾಲು ಮಕ್ಕಳಲ್ಲಿ ಕಲ್ಲು ಏಕೆ ಕಟ್ಟಲಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದವರಿಗೆ ಮೂರನೆಯ ಕಕ್ಷಿಯೊಂದು ಸಿಕ್ಕಿತು. ಅದು ಇದ್ದದ್ದು ಕರುಳಿನಲ್ಲಿ.

ಮೊದಲು ಮೆಲಮೈನ್ ಹಾಲಿಗೆ ಬಂದ ದಾರಿ. ಮೆಲಮೈನ್ ಬಿಳಿಯ ಹರಳುಪುಡಿ. ಫಾರ್ಮಾಲ್ಡಿಹೈಡ್ ಜೊತೆ ಸೇರಿಸಿ ಗಟ್ಟಿ ತಟ್ಟೆ, ಬಟ್ಟಲು, ಮೇಜಿನ ಮೇಲಿನ ಲ್ಯಾಮಿನೇಟ್ ಹಾಳೆ ಮಾಡಲು ಬಳಸುತ್ತಾರೆ. ಅದರ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕ. ಹಾಲಿನ ಪ್ರೋಟೀನನ್ನು ಅಳೆಯುವ ಸಾಂಪ್ರದಾಯಿಕ ವಿಧಾನ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಕೊಟ್ಟದ್ದು. ಅದು ಪ್ರೋಟೀನನ್ನು ನೋಡುವುದೇ ಇಲ್ಲ. ಮಾದರಿಯನ್ನು ಆಮ್ಲದಲ್ಲಿ ಕುದಿಸಿ, ಹೊರಬಂದ ಸಾರಜನಕವನ್ನು ಎಣಿಸಿ, ಹಾಲಾದರೆ 6.38ರಿಂದ ಗುಣಿಸುತ್ತದೆ. ಸಾರಜನಕ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಹಾಗಾಗಿ ಒಂದು ಗ್ರಾಂ ಮೆಲಮೈನ್ ಆ ಪರೀಕ್ಷೆಯ ಕಣ್ಣಿಗೆ 4.25 ಗ್ರಾಂ ಪ್ರೋಟೀನ್. ಲೀಟರಿಗೆ 30 ಗ್ರಾಂ ಪ್ರೋಟೀನ್ ಇರಬೇಕಾದ ಹಾಲಿನಲ್ಲಿ ಐದನೇ ಒಂದು ಪಾಲು ನೀರು ಸೇರಿದರೆ ಕೊರತೆ 6 ಗ್ರಾಂ. ಅದನ್ನು ಕಾಗದದ ಮೇಲೆ ತುಂಬಿಸಲು ಒಂದೂವರೆ ಗ್ರಾಂ ಮೆಲಮೈನ್ ಕೂಡ ಬೇಕಿಲ್ಲ. ಕಳ್ಳರ ಗಣಿತ ಚೊಕ್ಕವಾಗಿತ್ತು.

ಸ್ಯಾನ್ಲು ಪುಡಿಯಲ್ಲಿ ಸಿಕ್ಕ ಅತಿ ಹೆಚ್ಚಿನ ಪ್ರಮಾಣ ಕಿಲೋಗೆ 2,563 ಮಿಲಿಗ್ರಾಂ. ದಿನಕ್ಕೆ 100 ಗ್ರಾಂ ಪುಡಿ ಕುಡಿಯುವ, 5 ಕಿಲೋ ತೂಕದ ಕೂಸಿನ ಪಾಲಿಗೆ ಅದು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 51 ಮಿಲಿಗ್ರಾಂ. ಇದು ಅತ್ಯಂತ ಕೆಟ್ಟ ಡಬ್ಬಿಯ ಲೆಕ್ಕ. ಮಧ್ಯಮ ಮಟ್ಟದ ಕಲಬೆರಕೆಯನ್ನು ಹಿಡಿದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಅಂದಾಜು 8.6ರಿಂದ 23.4 ಮಿಲಿಗ್ರಾಂ. ಅದೇ ಸಂಸ್ಥೆ 2008ರ ಡಿಸೆಂಬರ್‌ನಲ್ಲಿ ನಿಗದಿ ಮಾಡಿದ ಸಹನೀಯ ಮಿತಿ ಕಿಲೋಗೆ ಕೇವಲ 0.2 ಮಿಲಿಗ್ರಾಂ.

ಪುಸ್ತಕದ ಪ್ರಕಾರ ಇದು ವಿಷವೇ ಅಲ್ಲ

ವಿಚಿತ್ರವೆಂದರೆ, ವಿಷಶಾಸ್ತ್ರದ ಹಳೆಯ ಕೋಷ್ಟಕಗಳಲ್ಲಿ ಮೆಲಮೈನ್ ತೀರಾ ಸಾಧು. ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 3 ಗ್ರಾಂ ಬೇಕು. ಅಡುಗೆ ಉಪ್ಪಿನ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ. ಇಲಿಯ ದೇಹ ಅದನ್ನು ಒಡೆಯುವ ಗೋಜಿಗೇ ಹೋಗುವುದಿಲ್ಲ. ಯಕೃತ್ತಿನ ಕಿಣ್ವಗಳು ಮುಟ್ಟುವುದಿಲ್ಲ, ರಕ್ತದಲ್ಲಿನ ಪ್ರಮಾಣ ಮೂರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಒಂದು ದಿನದೊಳಗೆ ಸುಮಾರು ಶೇ. 90 ಭಾಗ ಬಂದ ರೂಪದಲ್ಲೇ ಮೂತ್ರದ ಜೊತೆ ಹೊರಟು ಹೋಗುತ್ತದೆ. ವರದಿಯಲ್ಲಿ ‘ಚಯಾಪಚಯ’ ಎಂಬ ಕಾಲಮಿನ ಎದುರು ‘ಇಲ್ಲ’ ಎಂದು ಬರೆದು ಮುಗಿಸಬಹುದಾದ ವಸ್ತು. ಗಂಡಿಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಮೂತ್ರಕೋಶದಲ್ಲಿ ಕಲ್ಲುಗಳು ಕಂಡಿದ್ದವು. ಆದರೆ ಪ್ರಮಾಣ ಬಹಳ ಹೆಚ್ಚಿತ್ತು ಎಂಬ ಕಾರಣಕ್ಕೆ ಅದು ದೊಡ್ಡ ಎಚ್ಚರಿಕೆಯಾಗಲಿಲ್ಲ.

ಈ ನಂಬಿಕೆಯನ್ನು ಮೊದಲು ಮುರಿದದ್ದು ಬೆಕ್ಕುಗಳು. 2007ರ ಮಾರ್ಚ್‌ನಲ್ಲಿ, ಹಾಲಿನ ಹಗರಣಕ್ಕೆ ಒಂದೂವರೆ ವರ್ಷ ಮೊದಲು, ಉತ್ತರ ಅಮೆರಿಕದಲ್ಲಿ ಸಾಕು ಬೆಕ್ಕು ನಾಯಿಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಚೀನಾದಿಂದ ಬಂದ, ಗೋಧಿ ಗ್ಲುಟೆನ್ ಎಂಬ ಹೆಸರಿನ ಸರಕು ಬೆರೆತ ತಿನಿಸನ್ನು ಕಂಪನಿಗಳು ಹಿಂದಕ್ಕೆ ಪಡೆದವು. ಮೊದಲಿಗೆ ಇಲಿಪಾಷಾಣದ ಮೇಲೆ ಅನುಮಾನ ಬಂತು. ಬಳಿಕ ಮೆಲಮೈನ್ ಸಿಕ್ಕಿತು. ಸಿಕ್ಕಾಗ ಒಗಟು ಇನ್ನೂ ಬಿಗಿಯಾಯಿತು: ಇಷ್ಟು ಸಾಧು ವಸ್ತು ಬೆಕ್ಕನ್ನು ಹೇಗೆ ಕೊಂದೀತು?

ಉತ್ತರ ಅದೇ ಸರಕಿನಲ್ಲಿತ್ತು. ಅದರಲ್ಲಿ ಮೆಲಮೈನ್ ಜೊತೆಗೆ ಸಯನ್ಯೂರಿಕ್ ಆಮ್ಲವೂ ಇತ್ತು. ಇದು ಈಜುಕೊಳದ ನೀರಿನಲ್ಲಿ ಕ್ಲೋರಿನ್ ಬೇಗ ಹಾರಿಹೋಗದಂತೆ ಹಿಡಿದಿಡಲು ಹಾಕುವ ವಸ್ತು. ಅದು ಕೂಡ ಒಂಟಿಯಾಗಿ ನಿರುಪದ್ರವಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಬೆಕ್ಕಿನ ಮೂತ್ರಕ್ಕೆ ಎರಡನ್ನೂ ಹಾಕಿ ನೋಡಿದಾಗ ಕೆಲವೇ ಗಂಟೆಗಳಲ್ಲಿ ಹರಳುಗಳು ಕಟ್ಟಿದವು. ಕ್ಯಾಲಿಫೋರ್ನಿಯಾದಲ್ಲಿ ನಡೆದ ಪರೀಕ್ಷೆ ಇನ್ನೂ ನೇರವಾಗಿತ್ತು. ಮೆಲಮೈನ್ ಒಂದನ್ನೇ ತಿಂದ ಬೆಕ್ಕಿಗೆ ಏನೂ ಆಗಲಿಲ್ಲ, ಸಯನ್ಯೂರಿಕ್ ಆಮ್ಲ ಒಂದನ್ನೇ ತಿಂದದ್ದಕ್ಕೂ ಏನೂ ಆಗಲಿಲ್ಲ. ಎರಡನ್ನೂ ತಿಂದವುಗಳ ಮೂತ್ರಪಿಂಡ ಹರಳುಗಳಿಂದ ಕಿಕ್ಕಿರಿದಿತ್ತು.

ಈ ಎರಡು ಅಣುಗಳ ಆಕಾರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎರಡರದೂ ಆರು ಮೂಲೆಯ ಚಪ್ಪಟೆ ಉಂಗುರ. ಮೆಲಮೈನ್‌ನ ಮೂರು ಬದಿಗಳಲ್ಲಿ ಸಾರಜನಕವಿರುವ ಅಮೈನೋ ಗುಂಪುಗಳಿವೆ, ಸಯನ್ಯೂರಿಕ್ ಆಮ್ಲದಲ್ಲಿ ಅದೇ ಜಾಗಗಳಲ್ಲಿ ಆಮ್ಲಜನಕ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂರುತ್ತದೆ, ಒಂದೊಂದು ಬದಿಯಲ್ಲೂ ಮೂರು ಜಲಜನಕ ಬಂಧಗಳು ಬೀಳುತ್ತವೆ. ಮೂರು ಕಡೆಯೂ ಹೀಗೇ ಕೊಂಡಿ ಹಾಕಿಕೊಂಡು ಚಾಪೆ ಹೆಣೆದಂತೆ ಹಾಳೆ ಹರಡುತ್ತದೆ, ಹಾಳೆಯ ಮೇಲೆ ಹಾಳೆ ಕೂರುತ್ತದೆ. ಮೆಲಮೈನ್ ಒಂದೇ ಇದ್ದರೆ ಲೀಟರ್ ನೀರಿನಲ್ಲಿ ಸುಮಾರು 3 ಗ್ರಾಂ ಕರಗುತ್ತದೆ. ಈ ಜೋಡಿ ಕರಗುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ಮೂತ್ರಪಿಂಡದ ಕೆಲಸವೋ, ಸೋಸಿದ ದ್ರವದಿಂದ ಶೇ. 99ರಷ್ಟು ನೀರನ್ನು ವಾಪಸ್ ಹೀರಿಕೊಳ್ಳುವುದು. ನೀರು ಹೋದಂತೆಲ್ಲ ಉಳಿದದ್ದು ಗಟ್ಟಿಯಾಗುತ್ತದೆ, ಕರಗಲು ಜಾಗವಿಲ್ಲದೆ ಸೂಕ್ಷ್ಮ ನಾಳಗಳಲ್ಲೇ ಹರಳು ಕಟ್ಟುತ್ತದೆ. ಇಲ್ಲಿ ವಿಷ ಎಂದರೆ ರಾಸಾಯನಿಕ ದಾಳಿಯಲ್ಲ, ಕೊಳವೆ ಕಟ್ಟಿಕೊಳ್ಳುವುದು.

ಹೊರಗಿನಿಂದ ಬರದ ಜೊತೆಗಾರ

ಹಾಲಿನ ಪ್ರಕರಣ ಬೆಕ್ಕಿನ ಪ್ರಕರಣಕ್ಕಿಂತ ಬೇರೆಯಾಗುವುದು ಇಲ್ಲಿ. ಬೆಕ್ಕುಗಳ ತಿನಿಸಿನಲ್ಲಿ ಎರಡೂ ವಸ್ತುಗಳಿದ್ದವು. ಮಕ್ಕಳ ಪುಡಿಯಲ್ಲಿ ಮುಖ್ಯವಾಗಿ ಇದ್ದದ್ದು ಮೆಲಮೈನ್. ಹಾಗಾದರೆ ಕೊಂಡಿಯ ಇನ್ನೊಂದು ತುದಿ ಯಾರದ್ದು?

2013ರ ಫೆಬ್ರವರಿಯಲ್ಲಿ ‘ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಶಾಂಘೈ ಜಿಯಾವೋ ಟಾಂಗ್ ವಿಶ್ವವಿದ್ಯಾಲಯದ ಮತ್ತು ಅಮೆರಿಕದ ಸಂಶೋಧಕರು ಒಂದು ಉತ್ತರ ಮುಂದಿಟ್ಟರು. ಅವರ ತರ್ಕದ ಸರಪಳಿಯನ್ನು ನಾನು ಮೆಚ್ಚುವುದು ಅದರ ತಾಳ್ಮೆಗಾಗಿ. ಒಂದೊಂದು ಹೆಜ್ಜೆಯೂ ಹಿಂದಿನದರ ಮೇಲೆ ನಿಂತಿದೆ.

ಮೊದಲು ಇಲಿಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಿದರು, ಆಮೇಲೆ ಮೆಲಮೈನ್ ಕೊಟ್ಟರು. ಮೂತ್ರಪಿಂಡಕ್ಕೆ ಆದ ಹಾನಿ ಕಡಿಮೆಯಾಯಿತು, ದೇಹದಿಂದ ಹೊರಹೋದ ಮೆಲಮೈನ್ ಹೆಚ್ಚಿತು. ಅಂದರೆ ಬ್ಯಾಕ್ಟೀರಿಯಾ ಇದ್ದಾಗ ಒಂದಷ್ಟು ಮೆಲಮೈನ್ ಬೇರೆಲ್ಲೋ ಖರ್ಚಾಗುತ್ತಿತ್ತು. ಎಲ್ಲಿ? ಆರೋಗ್ಯವಂತ ಇಲಿಯ ಮಲದಿಂದ ಬೆಳೆಸಿದ ಬ್ಯಾಕ್ಟೀರಿಯಾಗಳಿಗೆ ಮೆಲಮೈನ್ ಉಣಿಸಿದಾಗ ಸಯನ್ಯೂರಿಕ್ ಆಮ್ಲ ಹುಟ್ಟಿತು. ಯಾವ ಬ್ಯಾಕ್ಟೀರಿಯಾ? ಡಿಎನ್‌ಎ ಗುರುತಿನಿಂದ ಕ್ಲೆಬ್ಸಿಯೆಲ್ಲಾ ಕುಲ ಸಿಕ್ಕಿತು. ಅದರಲ್ಲಿ ಕ್ಲೆಬ್ಸಿಯೆಲ್ಲಾ ಟೆರಿಜೆನಾ ಎಂಬ ಪ್ರಭೇದವನ್ನು ಒಂಟಿಯಾಗಿ ಬೆಳೆಸಿದಾಗಲೂ ಅದು ಈ ಪರಿವರ್ತನೆಯನ್ನು ಮಾಡಿ ತೋರಿಸಿತು. ಕೊನೆಗೆ ಅದೇ ಬ್ಯಾಕ್ಟೀರಿಯಾವನ್ನು ಇಲಿಗಳ ಕರುಳಿನಲ್ಲಿ ನೆಲೆಗೊಳಿಸಿ ಮೆಲಮೈನ್ ಕೊಟ್ಟರು. ಮೂತ್ರಪಿಂಡದ ಹಾನಿ ಹೆಚ್ಚಿತು. ಮೆಲಮೈನ್ ಒಂದನ್ನೇ ತಿಂದಿದ್ದ ಇಲಿಗಳ ಮೂತ್ರಪಿಂಡದಲ್ಲೂ ಸಯನ್ಯೂರಿಕ್ ಆಮ್ಲ ಸಿಕ್ಕಿತ್ತು, ಈ ಬ್ಯಾಕ್ಟೀರಿಯಾ ಬಂದ ಮೇಲೆ ಅದರ ಪ್ರಮಾಣ ಏರಿತು.

ಬ್ಯಾಕ್ಟೀರಿಯಾಗೆ ಇದರಿಂದ ಲಾಭವೇನು ಎಂದರೆ, ಸಾರಜನಕ. ಮೆಲಮೈನ್‌ನ ಮೂರು ಅಮೈನೋ ಗುಂಪುಗಳನ್ನು ಒಂದೊಂದಾಗಿ ಕಿತ್ತು, ಆ ಜಾಗದಲ್ಲಿ ನೀರಿನಿಂದ ಬಂದ ಹೈಡ್ರಾಕ್ಸಿಲ್ ಗುಂಪನ್ನು ಕೂರಿಸುತ್ತದೆ. ಮೊದಲ ಗುಂಪನ್ನು ಕಿತ್ತದ್ದಕ್ಕೆ ಅಮ್ಮೆಲಿನ್ ಎಂಬ ವಸ್ತು, ಎರಡನೆಯದಕ್ಕೆ ಅಮ್ಮೆಲೈಡ್, ಮೂರನೆಯದಕ್ಕೆ ಸಯನ್ಯೂರಿಕ್ ಆಮ್ಲ. ಪ್ರತಿ ಸಲವೂ ಒಂದು ಅಮೋನಿಯಾ ಅದರ ಪಾಲಿಗೆ. ಹಾಲಿನ ಪರೀಕ್ಷೆ ಯಾವ ಸಾರಜನಕವನ್ನು ಪ್ರೋಟೀನ್ ಎಂದು ನಂಬಿ ಮೋಸಹೋಯಿತೋ ಅದೇ ಸಾರಜನಕವನ್ನು ಈ ಜೀವಿ ನಿಜಕ್ಕೂ ಆಹಾರ ಮಾಡಿಕೊಂಡಿತು.

ಇದು ಕರುಳಿನಲ್ಲಿ ಕಲಿತ ವಿದ್ಯೆಯೂ ಅಲ್ಲ. ಟೆರಿಜೆನಾ ಎಂದರೆ ಮಣ್ಣಿನಲ್ಲಿ ಹುಟ್ಟಿದ್ದು ಎಂದೇ ಅರ್ಥ. ಮಣ್ಣು ಮತ್ತು ನೀರು ಅದರ ತವರು. ಮೆಲಮೈನ್‌ನ ಉಂಗುರವನ್ನೇ ಹೋಲುವ ಉಂಗುರ ಅಟ್ರಝೀನ್‌ನಂಥ ಕಳೆನಾಶಕಗಳಲ್ಲಿಯೂ ಇದೆ. ಸೈರೋಮಝೀನ್ ಎಂಬ ಕೀಟನಾಶಕ ಒಡೆದಾಗ ಮೆಲಮೈನ್ ಆಗಿಯೇ ಉಳಿಯುತ್ತದೆ. ಈ ಕುಟುಂಬದ ರಾಸಾಯನಿಕಗಳನ್ನು ಸಾರಜನಕಕ್ಕಾಗಿ ಬಳಸಿಕೊಳ್ಳುವ ಮಣ್ಣಿನ ಬ್ಯಾಕ್ಟೀರಿಯಾಗಳನ್ನು, ಕ್ಲೆಬ್ಸಿಯೆಲ್ಲಾ ಸೇರಿ, 1980ರ ದಶಕದ ಆರಂಭದಲ್ಲೇ ವಿವರಿಸಲಾಗಿತ್ತು. ಅಂದರೆ ಕಾಣೆಯಾಗಿದ್ದ ಕೊಂಡಿ ಗ್ರಂಥಾಲಯದ ಕಪಾಟಿನಲ್ಲಿ ಕಾಲು ಶತಮಾನ ಕೂತಿತ್ತು. ಮಣ್ಣನ್ನು ಓದುವವರು ಮೂತ್ರಪಿಂಡವನ್ನು ಓದುತ್ತಿರಲಿಲ್ಲ, ಅಷ್ಟೇ. ಈ ಬ್ಯಾಕ್ಟೀರಿಯಾದ ಹೆಸರೂ ನಡುವೆ ಬದಲಾಯಿತು, 2001ರಲ್ಲಿ ಅದನ್ನು ರಾವುಲ್ಟೆಲ್ಲಾ ಕುಲಕ್ಕೆ ಸೇರಿಸಿದರು. ಹಳೆಯ ಹೆಸರಲ್ಲಿ ಹುಡುಕಿ, ಹೊಸ ಹೆಸರಲ್ಲಿ ಸಿಗದೆ ನಾನೂ ಒಮ್ಮೆ ತಡಕಾಡಿದ್ದೇನೆ.

ಇಲಿ ಮಗುವಲ್ಲ

ಇಷ್ಟನ್ನು ಓದಿದ ಹುಮ್ಮಸ್ಸಿನಲ್ಲಿ ‘ಮಕ್ಕಳಿಗೆ ಕಲ್ಲು ಕಟ್ಟಿಸಿದ್ದು ಬ್ಯಾಕ್ಟೀರಿಯಾ’ ಎಂದು ತೀರ್ಪು ಬರೆದುಬಿಡುವವರಿದ್ದಾರೆ. ನಾನು ಬರೆಯುವುದಿಲ್ಲ. ಕಾರಣ ಯೂರಿಕ್ ಆಮ್ಲ.

ಚೀನಾದ ಮಕ್ಕಳಿಂದ ಹೊರಬಂದ ಕಲ್ಲುಗಳನ್ನು ಪರೀಕ್ಷಿಸಿದಾಗ ಮೆಲಮೈನ್ ಜೊತೆ ಮುಖ್ಯವಾಗಿ ಕಂಡದ್ದು ಯೂರಿಕ್ ಆಮ್ಲ, ಸಯನ್ಯೂರಿಕ್ ಆಮ್ಲವಲ್ಲ. ಯೂರಿಕ್ ಆಮ್ಲವೂ ಮೆಲಮೈನ್ ಜೊತೆ ಕೈ ಹಿಡಿಯಬಲ್ಲದು, ಅಷ್ಟು ಬಿಗಿಯಾಗಿ ಅಲ್ಲದಿದ್ದರೂ. ಇಲಿಯಲ್ಲಿ ಯೂರಿಕೇಸ್ ಎಂಬ ಕಿಣ್ವವಿದೆ. ಅದು ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಅಲಾಂಟೊಯಿನ್ ಆಗಿ ಬದಲಿಸುತ್ತದೆ. ಮನುಷ್ಯನ ವಂಶ ಆ ಕಿಣ್ವವನ್ನು ವಿಕಾಸದ ಹಾದಿಯಲ್ಲಿ ಎಂದೋ ಕಳೆದುಕೊಂಡಿತು. ಎಳೆಗೂಸುಗಳಂತೂ ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಯೂರಿಕ್ ಆಮ್ಲವನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹಾಗಾಗಿ ಇಲಿಗೆ ಕರುಳಿನ ಬ್ಯಾಕ್ಟೀರಿಯಾ ಒದಗಿಸಿಕೊಟ್ಟ ಜೊತೆಗಾರನನ್ನು ಮಗುವಿನ ದೇಹ ತಾನೇ ಒದಗಿಸುತ್ತಿತ್ತು. ಜೊತೆಗೆ, ಇಲಿಗಳಿಗೆ ಕೊಟ್ಟ ಮೆಲಮೈನ್ ಪ್ರಮಾಣ ಮಕ್ಕಳು ಕುಡಿದದ್ದಕ್ಕಿಂತ ಹಲವು ಪಟ್ಟು ಹೆಚ್ಚು.

ಚಿಕಿತ್ಸೆಯೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಹೆಚ್ಚಿನ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಕಲಬೆರಕೆಯ ಹಾಲು ನಿಲ್ಲಿಸಿ, ದ್ರವ ಕೊಟ್ಟು, ಮೂತ್ರದ ಆಮ್ಲೀಯತೆ ತಗ್ಗಿಸಿದಾಗ ಕಲ್ಲುಗಳು ಕರಗಿದವು ಅಥವಾ ಜಾರಿ ಹೊರಬಂದವು. ಯೂರಿಕ್ ಆಮ್ಲ ಆಮ್ಲೀಯ ಮೂತ್ರದಲ್ಲಿ ಹರಳಾಗುತ್ತದೆ, ಕ್ಷಾರದ ಕಡೆಗೆ ತಿರುಗಿಸಿದರೆ ಕರಗುತ್ತದೆ. ವೈದ್ಯರು ಮಾಡಿದ್ದು ಅದನ್ನೇ.

ಹಾಗಾದರೆ ಬ್ಯಾಕ್ಟೀರಿಯಾದ ಪಾತ್ರ ಶೂನ್ಯವೇ? ಅಲ್ಲವೆಂದೇ ನನ್ನ ಅಂದಾಜು. ಕಲ್ಲು ಕಟ್ಟಲು ಮೊದಲ ಕಣ ಬೇಕು. ಮೆಲಮೈನ್ ಮತ್ತು ಸಯನ್ಯೂರಿಕ್ ಆಮ್ಲದ ಜೋಡಿ ಅತಿ ಕಡಿಮೆ ಪ್ರಮಾಣದಲ್ಲೇ ಹರಳಾಗುವುದರಿಂದ, ಕರುಳಿನಿಂದ ಬಂದ ಚೂರು ಸಯನ್ಯೂರಿಕ್ ಆಮ್ಲ ಆ ಮೊದಲ ಕಣವನ್ನು ಹೆಪ್ಪು ಹಾಕಿರಬಹುದು, ಆಮೇಲೆ ಮಗುವಿನದೇ ಯೂರಿಕ್ ಆಮ್ಲ ಅದರ ಸುತ್ತ ಕೂಡಿಕೊಂಡಿರಬಹುದು. ಪೂರ್ತಿ ಬೆಳೆದ ಕಲ್ಲಿನಲ್ಲಿ ಹೆಪ್ಪಿನ ಪಾಲು ಕಾಣದಷ್ಟು ಸಣ್ಣದಿರುತ್ತದೆ. ಹಾಲಿನ ಪಾತ್ರೆಯಲ್ಲೂ ಅಷ್ಟೇ ಅಲ್ಲವೇ? ಇದು ಊಹೆ, ಆದರೆ ಪರೀಕ್ಷೆಗೆ ಒಡ್ಡಬಹುದಾದ ಊಹೆ. ಎಳೆಗೂಸಿನ ಕರುಳು ದೊಡ್ಡವರ ಕರುಳಿನಂತೆ ಸ್ಥಿರವಲ್ಲ ಎಂಬುದೂ ಇದಕ್ಕೆ ಒತ್ತಾಸೆ. ಮೊದಲ ತಿಂಗಳುಗಳಲ್ಲಿ ಕ್ಲೆಬ್ಸಿಯೆಲ್ಲಾ ಸೇರಿದ ಬಳಗ ಅಲ್ಲಿ ಸಾಮಾನ್ಯ ನಿವಾಸಿ, ಮಗುವಿನಿಂದ ಮಗುವಿಗೆ ಅದರ ಪ್ರಮಾಣ ಬಹಳ ಬೇರೆ. ಹೆರಿಗೆಯ ರೀತಿ, ಎದೆಹಾಲೋ ಡಬ್ಬಿಹಾಲೋ, ಆ್ಯಂಟಿಬಯಾಟಿಕ್ ಬಿದ್ದಿದೆಯೋ ಇಲ್ಲವೋ, ಎಲ್ಲವೂ ಅದನ್ನು ಏರುಪೇರು ಮಾಡುತ್ತವೆ.

ನೂರರ ಲೆಕ್ಕ

ಈ ಪ್ರಕರಣ ನನ್ನನ್ನು ಹೆಚ್ಚು ಕಾಡುವುದು ಸುರಕ್ಷತಾ ಮಿತಿಗಳ ಲೆಕ್ಕದಲ್ಲಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಲಿಗಳ 13 ವಾರಗಳ ಪರೀಕ್ಷೆಯಿಂದ ಕಿಲೋಗೆ 63 ಮಿಲಿಗ್ರಾಂ ಎಂಬ ಅಂಕಿಯನ್ನು ತೆಗೆದುಕೊಂಡು ಅದನ್ನು ನೂರರಿಂದ ಭಾಗಿಸಿತು. ಈ ನೂರು ಎಂದರೆ ಹತ್ತು ಗುಣಿಸು ಹತ್ತು. ಇಲಿಗಿಂತ ಮನುಷ್ಯ ಸೂಕ್ಷ್ಮವಿರಬಹುದು ಎಂದು ಒಂದು ಹತ್ತು, ಮನುಷ್ಯರಲ್ಲೇ ಒಬ್ಬರಿಗಿಂತ ಒಬ್ಬರು ಸೂಕ್ಷ್ಮವಿರಬಹುದು ಎಂದು ಇನ್ನೊಂದು ಹತ್ತು. 2008ರಲ್ಲಿ, ಸಯನ್ಯೂರಿಕ್ ಆಮ್ಲದಂಥದ್ದು ಜೊತೆಗೆ ಬಂದರೆ ಏನು ಗತಿ ಎಂಬ ಅನಿಶ್ಚಿತತೆಗಾಗಿ ಮತ್ತೊಂದು ಹತ್ತನ್ನು ಸೇರಿಸಿ ಮಿತಿಯನ್ನು 0.063ಕ್ಕೆ ಇಳಿಸಿತು. ವಿವೇಕದ ನಡೆ ಅದು. ಆದರೆ ಆ ಲೆಕ್ಕದಲ್ಲಿ ಸಯನ್ಯೂರಿಕ್ ಆಮ್ಲ ಹೊರಗಿನಿಂದ ಬರುವ ಅತಿಥಿ. ಊಟದ ನಂತರ ಒಳಗೇ ತಯಾರಾಗಬಹುದು ಎಂಬುದಕ್ಕೆ ಅಂಕಣವಿರಲಿಲ್ಲ.

ಪ್ರಯೋಗಾಲಯದ ಇಲಿಗಳು ಒಂದೇ ತಳಿ, ಒಂದೇ ತಿನಿಸು, ಒಂದೇ ಬಗೆಯ ಪಂಜರ. ಅವುಗಳ ಕರುಳಿನ ಬ್ಯಾಕ್ಟೀರಿಯಾಗಳೂ ಬಹುಮಟ್ಟಿಗೆ ಒಂದೇ ಬಗೆ. ಮೆಲಮೈನನ್ನು ಬದಲಿಸುವ ಪ್ರಭೇದ ಆ ಗುಂಪಿನಲ್ಲಿ ಕಡಿಮೆಯಿದ್ದರೆ ಇಡೀ ಪರೀಕ್ಷೆ ‘ಸಾಧು’ ಎಂದೇ ಹೇಳುತ್ತದೆ, ಎಷ್ಟು ಸಲ ಮಾಡಿದರೂ. ಯಕೃತ್ತಿನ ಕಿಣ್ವಗಳಲ್ಲಿ ಜನರ ನಡುವೆ ಇರುವ ವ್ಯತ್ಯಾಸ ಬಹುಮಟ್ಟಿಗೆ ಹೆಚ್ಚು ಕಡಿಮೆಯ ಮಾತು. ಕರುಳಿನ ಒಂದು ಪ್ರಭೇದದ ವಿಷಯದಲ್ಲಿ ಅದು ಇದೆ ಅಥವಾ ಇಲ್ಲ ಎಂಬ ಮಾತು. ಇಲ್ಲದ್ದನ್ನು ಹತ್ತರಿಂದ ಗುಣಿಸಿದರೂ ಶೂನ್ಯವೇ ಬರುತ್ತದೆ.

ಇಲ್ಲಿಂದ ‘ಬ್ಯಾಕ್ಟೀರಿಯಾ ಕೊಂದರೆ ಸುರಕ್ಷಿತ’ ಎಂಬ ತೀರ್ಮಾನಕ್ಕೆ ಜಿಗಿಯುವಂತಿಲ್ಲ. ಮೀನಿನ ಮೂಲಕ ದೇಹ ಸೇರುವ ಮೀಥೈಲ್ ಪಾದರಸದ ವಿಷಯದಲ್ಲಿ ಲೆಕ್ಕ ತಲೆಕೆಳಗು. ಕರುಳಿನ ಬ್ಯಾಕ್ಟೀರಿಯಾಗಳು ಅದರ ಮೀಥೈಲ್ ಗುಂಪನ್ನು ಕಳಚಿ, ಕರುಳು ಸುಲಭವಾಗಿ ಹೀರದ ಅಜೈವಿಕ ಪಾದರಸವನ್ನಾಗಿ ಮಾಡಿ ಮಲದ ಜೊತೆ ಹೊರಗೆ ಕಳಿಸುತ್ತವೆ. ಆ್ಯಂಟಿಬಯಾಟಿಕ್ ಕೊಟ್ಟ ಚುಂಚಿಲಿಗಳ ದೇಹದಲ್ಲಿ ಪಾದರಸ ಹೆಚ್ಚು ಕಾಲ ಉಳಿಯಿತು. ಅದೇ ಔಷಧ ಒಂದು ಕಡೆ ಕಾಪಾಡುತ್ತದೆ, ಇನ್ನೊಂದು ಕಡೆ ಬಾಗಿಲು ಮುಚ್ಚುತ್ತದೆ.

ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಸಮಿತಿ 2010ರಲ್ಲಿ ಶಿಶು ಆಹಾರದ ಪುಡಿಗೆ ಕಿಲೋಗೆ 1 ಮಿಲಿಗ್ರಾಂ, 2012ರಲ್ಲಿ ದ್ರವರೂಪದ ಶಿಶು ಆಹಾರಕ್ಕೆ 0.15 ಮಿಲಿಗ್ರಾಂ ಎಂದು ಮಿತಿ ಹಾಕಿತು. 2008ರ ಪ್ರಮಾಣಕ್ಕೆ ಹೋಲಿಸಿದರೆ ಇದು ಎಷ್ಟು ಕೆಳಗಿದೆಯೆಂದರೆ, ಯಾರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇದ್ದರೂ ಕಲ್ಲಿನ ಭಯ ಬಹುಮಟ್ಟಿಗೆ ತಪ್ಪುತ್ತದೆ. ಉಳಿದಿರುವುದು ಸಣ್ಣ ಪ್ರಮಾಣದ, ದಿನನಿತ್ಯದ ಸೇವನೆ: ಬಿಸಿ ಸಾರು ಹಾಕಿದ ಮೆಲಮೈನ್ ಬಟ್ಟಲಿನಿಂದ ಇಳಿಯುವಷ್ಟು. ಸಾಮಾನ್ಯ ಜನರ ಮೂತ್ರದಲ್ಲೂ ಮೆಲಮೈನ್, ಸಯನ್ಯೂರಿಕ್ ಆಮ್ಲ ಎರಡೂ ಸಿಗುತ್ತವೆ. ಆದರೆ ಸಯನ್ಯೂರಿಕ್ ಆಮ್ಲ ಈಜುಕೊಳದಿಂದ ಬಂತೋ, ಆಹಾರದಿಂದ ಬಂತೋ, ಕರುಳಿನಲ್ಲೇ ಹುಟ್ಟಿತೋ ಎಂದು ಮೂತ್ರ ಹೇಳುವುದಿಲ್ಲ. ಮಕ್ಕಳಿಗೆ ಮೆಲಮೈನ್ ಕುಡಿಸಿ ನೋಡುವ ಮಾತೇ ಇಲ್ಲ. ಮಾಡಬಹುದಾದದ್ದು ಇನ್ನೂ ಸರಳ. ಕಲ್ಲು ಕಟ್ಟುವ ಸ್ವಭಾವವಿರುವ ಮಗು ಒಂದು, ಇಲ್ಲದ ಮಗು ಒಂದು, ಇಬ್ಬರ ಮಲದ ಮಾದರಿಯನ್ನೂ ಬೇರೆ ಬೇರೆ ಸೀಸೆಗೆ ಹಾಕಿ, ಕರುಳಿನಂತೆ ಗಾಳಿಯಾಡದ ಹಾಗೆ ಮುಚ್ಚಿ, ಒಂದು ಚಿಟಿಕೆ ಮೆಲಮೈನ್ ಸೇರಿಸಿ ದೇಹದ ಬಿಸಿಯಲ್ಲಿ ಎರಡು ದಿನ ಇಡಬೇಕು. ಮೂರನೆಯ ದಿನ ಯಾವ ಸೀಸೆಯಲ್ಲಿ ಸಯನ್ಯೂರಿಕ್ ಆಮ್ಲವಿದೆ ಎಂದು ನೋಡಬೇಕು.